ಅರವತ್ತೆಂಟು ಕೀಲು, ಒಂದು ಸೊನ್ನೆ

೧೦ ಜುಲೈ ೨೦೨೫, ಗುರುವಾರ

ಊಟ ಸೇರಲಿಲ್ಲ. ಹಾಲವ್ವನವರ ನಗು ಕಣ್ಣ ಮುಂದಿನಿಂದ ಹೋಗುತ್ತಿಲ್ಲ.

ಸೋರಿಯಾಸಿಸ್ ಸಂಧಿವಾತದ ಅಧ್ಯಯನಕ್ಕೆ ರೋಗಿಗಳನ್ನು ಸೇರಿಸಿಕೊಳ್ಳಲು ಇವತ್ತೇ ಕೊನೆಯ ದಿನ. ಸೇರಿದವರಿಗೆ ಔಷಧಿ ಉಚಿತ; ಹೊರಗೆ ಕೊಳ್ಳುವ ಶಕ್ತಿ ಹಾಲವ್ವನವರಿಗಿಲ್ಲ. ಅರವತ್ತೆಂಟು ಕೀಲುಗಳನ್ನು ಒಂದೊಂದಾಗಿ ಒತ್ತಿ ನೋವಿದೆಯಾ ಎಂದು ಕೇಳುವುದು ನನ್ನ ಕೆಲಸ. ಸೇರಬೇಕಾದರೆ ರೋಗಿ ಮೂರಕ್ಕಾದರೂ ಹೌದೆನ್ನಬೇಕು. ನಾನು ಒತ್ತಾಯಿಸಿ ಕೇಳುವಂತಿಲ್ಲ, ಮುಖದಲ್ಲೂ ಏನೂ ತೋರಿಸುವಂತಿಲ್ಲ.

ಹೇರೋಹಳ್ಳಿಯಿಂದ ಬಸ್ಸು ಬದಲಿಸಿ ಬಂದಿದ್ದ ಹಾಲವ್ವ ಪ್ರತಿ ಸಲವೂ "ಬ್ಯಾನಿ ಇಲ್ರಿ" ಎಂದರು. ಬೆರಳುಗಳು ಊದಿ ಮಿರಮಿರ ಮಿಂಚುತ್ತಿದ್ದವು. ಆದರೂ ನೋವಿನ ಕಾಲಂನಲ್ಲಿ ಸೊನ್ನೆ ಬರೆದು ಅವರನ್ನು ಕಳಿಸಿದೆ.

ಆಮೇಲೆ ಹೊರಗಿನ ಬೆಂಚಿನಲ್ಲಿ ನೀರಿನ ಬಾಟಲಿ ಚಾಚಿದರು. "ಅಕ್ಕಾರ, ಇದರ ಮುಚ್ಚಳ ತಗದು ಕೊಡ್ರಿ."

"ನೋವಿಲ್ಲ ಅಂದ್ರಲ್ಲಮ್ಮ?"

"ಹೋದ ತಿಂಗಳ ಕೈ ಬ್ಯಾನಿ ಅಂದಿದ್ದಕ್ಕ ಮನಿಗೆಲಸ ಬಿಡಿಸಿದ್ರು. ಇಲ್ಲೂ ಬ್ಯಾಡ ಅಂತೀರಿ ಅಂತ ಹಲ್ಲು ಕಚ್ಚಿ ಕುಂತಿದ್ನಿರಿ."

ಡಾಕ್ಟರ ಹತ್ತಿರ ಓಡಿದೆ. "ಪರೀಕ್ಷೆ ಹೊತ್ತಲ್ಲಿ ಅವರು ಹೇಳಿದ್ದೇ ಲೆಕ್ಕ, ಕುಸುಮಾ. ಈಗ ತಿದ್ದಕ್ಕಾಗಲ್ಲ" ಎಂದರು. ಡಾಕ್ಟರ ತಪ್ಪಲ್ಲ. ನನ್ನದೂ ಅಲ್ಲವಂತೆ. ಹಾಗಂತ ಅವರು ಹೇಳಿದ್ದು ಇನ್ನೂ ಉರಿಯುತ್ತಿದೆ.

ವಾಪಸ್ ಬಂದಾಗ ಹಾಲವ್ವ ಎದ್ದು ನಿಂತು ನಕ್ಕರು. "ಒಂದಕ್ಕೂ ಹೂಂ ಅನ್ನಲಿಲ್ರಿ. ಪಾಸ್ ಆದ್ನಿಲ್ರಿ?"

"ನಾಳೆ ಫೋನ್ ಮಾಡ್ತೀನಿ" ಎಂದುಬಿಟ್ಟೆ.

ಅವರ ಬಾಟಲಿಯ ಮುಚ್ಚಳ ನನ್ನ ಕೈಯಲ್ಲೇ ಉಳಿದು ಮನೆಗೆ ಬಂದಿದೆ. ನಾಳೆ ಫೋನಿನಲ್ಲಿ ಏನಂತ ಹೇಳಲಿ?