ಒಂಟಿ ರೆಕ್ಕೆಯ ವಿಮಾನ

ಮನೆಯಿಂದ,
ಮಾರ್ಚ್ ೯, ಭಾನುವಾರ

ನನ್ನ ಸಿಡುಕ ಮಗನಿಗೆ,

ಹೇಗಿದ್ದೀಯ? ಕೆಮ್ಮು ಕಡಿಮೆಯಾಯಿತೇ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯ ತಾನೇ? ಕೇಳಬೇಕಾದ್ದು ಕೇಳಿದ್ದಾಯಿತು. ಇನ್ನು ಬೈಯುತ್ತೇನೆ, ಕೂತುಕೊಂಡು ಓದು. ಫೋನ್ ಮಾಡಿದರೆ "ಆಮೇಲೆ ಮಾತಾಡ್ತೀನಮ್ಮಾ" ಎಂದು ಇಟ್ಟುಬಿಡುತ್ತೀಯ. ಕಾಗದವನ್ನು ಏನು ಮಾಡುತ್ತೀಯೋ ನೋಡೋಣ.

ಒಂದು ಆಟಿಕೆ ವಿಮಾನಕ್ಕಾಗಿ ಅಪ್ಪ ಮಗ ಮಾತು ಬಿಡುವುದೆಂದರೇನೋ? ಗೊತ್ತು, ಆಟಿಕೆ ಅಂದರೆ ನಿನಗೆ ಮೈಯೆಲ್ಲ ಉರಿಯುತ್ತದೆ. ಯುದ್ಧಕಾಲದ ಫೈಟರ್ ವಿಮಾನದ ಮಾದರಿ, ಅಳತೆಗೆ ಸರಿಯಾಗಿ ಮಾಡಿದ್ದು, ಒಪ್ಪಿದೆ. ರಜೆಯೆಲ್ಲ ನೀನು ನನ್ನ ಊಟದ ಮೇಜನ್ನು ಹಿಡಿದುಕೊಂಡು ಕೂತು ಅಂಟಿಸಿದೆ, ಉಜ್ಜಿದೆ. ಬಣ್ಣ ಮಾತ್ರ ಅಪ್ಪನೇ ಹೊಡೆಯಲಿ ಎಂದು ನೀನೇ ಹೇಳಿದೆ. ಆ ಮನುಷ್ಯ ಹಿಗ್ಗಿ ಹೀರೇಕಾಯಿಯಾದರು. ಜೀವಮಾನವಿಡೀ ಕಾರುಗಳಿಗೆ ಬಣ್ಣ ಹೊಡೆದ ಕೈ ಅದು. ಒಂದು ಧೂಳಿನ ಕಣ ಕೂತರೂ ಇಡೀ ಬಾಗಿಲನ್ನೇ ಮತ್ತೆ ಉಜ್ಜಿಸುವವರು. ನಮ್ಮ ಕಾರಿಗೆ ನನ್ನ ಕೈಚೀಲ ತಾಗಿದರೆ ಸಾಕು, "ಗೀರಾಗುತ್ತೆ ಕಣೇ!" ಎಂದು ಬೀದಿಗೇ ಕೇಳುವಂತೆ ಗದರುತ್ತಾರೆ. ಅಂಥವರು ಹೊಡೆದ ಹಸಿರು ಬಣ್ಣದ ಮೇಲೆ ನೀನು ಮಸಿ ಬಳಿದೆ. ಹೊಗೆಕೊಳವೆಯ ಹಿಂದೆ ಕಪ್ಪು, ಪೈಲಟ್ ಕಾಲಿಟ್ಟು ಹತ್ತುವಲ್ಲಿ ಬಣ್ಣ ಸವೆದ ಗುರುತು, ಎಣ್ಣೆ ಸೋರಿದ ಕಲೆ. ಯುದ್ಧ ಮಾಡಿ ಬಂದ ವಿಮಾನ ಹಾಗೇ ಇರುತ್ತದೆಂದು ಅವರಿಗೆ ಒಂದು ಮಾತು ಮೊದಲೇ ಹೇಳಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು? ನೀನು ಸ್ನಾನಕ್ಕೆ ಹೋದಾಗ ಅವರು ನೋಡಿದರು, ಕೆಲಸ ಕೆಟ್ಟಿತೆಂದುಕೊಂಡರು, ಥಿನ್ನರ್ ಹಾಕಿ ಎಡರೆಕ್ಕೆಯನ್ನು ತಿಕ್ಕಿ ತಿಕ್ಕಿ ಒರೆಸಿದರು. ಮಸಿಯ ಜೊತೆ ಬಣ್ಣವೂ ಎದ್ದುಬಂತು. ನೀನು ಬಂದವನೇ ಆ ರೆಕ್ಕೆಯನ್ನು ಲಟಕ್ಕನೆ ಮುರಿದು ಚೀಲಕ್ಕೆ ಹಾಕಿಕೊಂಡು, "ಇನ್ಮೇಲೆ ನನ್ನ ಸಾಮಾನು ಮುಟ್ಬೇಡಿ" ಎಂದು ಕೆಲಸದ ಊರಿಗೆ ಹೊರಟೇಹೋದೆ.

ಅವರೇನು ಕಡಿಮೆಯೇ? ಕೇಳದೆ ಕೈ ಹಾಕಿದ್ದು ತಪ್ಪೆಂದು ನಾನೇ ಬಾಯಿಗೆ ಬಂದಂತೆ ಅಂದೆ. "ಕೊಳೆ ಆಗಿತ್ತು, ಒರೆಸಿದೆ" ಅಂದರು, ಅಷ್ಟೇ. ಅಂದಿನಿಂದ ಬಾಯಿಗೆ ಬೀಗ. ಒಂಟಿ ರೆಕ್ಕೆಯ ಆ ವಿಮಾನ ಇನ್ನೂ ಮೇಜಿನ ಮೇಲೆಯೇ ಇದೆ, ತೆಗೆಯಲೂ ಬಿಡುವುದಿಲ್ಲ. ನಾನು ಮೂಲೆಯಲ್ಲಿ ತಟ್ಟೆ ಇಟ್ಟುಕೊಂಡು ತಿನ್ನುತ್ತಿದ್ದೇನೆ. ನಿಮ್ಮಿಬ್ಬರ ಹಟಕ್ಕಿಷ್ಟು! ಒಬ್ಬರಿಗೆ ಹೊಳಪಿನ ಹುಚ್ಚು, ಇನ್ನೊಬ್ಬನಿಗೆ ಕೊಳೆಯ ಹುಚ್ಚು, ನಡುವೆ ನನ್ನ ತಲೆ ಚಿಟ್ಟು ಹಿಡಿದಿದೆ. ನೀನು ಹಾಗೆ ಹೋದಮೇಲೆ ನನಗೆ ಮನೆಯೇ ಸೇರುತ್ತಿಲ್ಲ, ಅದನ್ನೂ ಸಿಟ್ಟಿನಲ್ಲೇ ಹೇಳುತ್ತಿದ್ದೇನೆ.

ಮೈ ಜೋಪಾನ. ನೂರು ಕಾಲ ಚೆನ್ನಾಗಿರು. ಅದರೊಳಗೆ ಯಾವಾಗಲಾದರೂ ಬುದ್ಧಿಯೂ ಬರಲಿ.

ನಿನ್ನ
ಅಮ್ಮ

ಇನ್ನೊಂದು ಮಾತು: ರೆಕ್ಕೆಯನ್ನು ಕೊರಿಯರ್‌ನಲ್ಲಿ ಕಳಿಸಿದರೆ ಬಾಗಿಲಿನಿಂದಲೇ ವಾಪಸು ಕಳಿಸುತ್ತೇನೆ. ನೀನೇ ತೆಗೆದುಕೊಂಡು ಬಾ. ಈಗಷ್ಟೇ ಕಸ ಹಾಕಲು ಹೊರಗೆ ಹೋಗಿದ್ದೆ. ನಿನ್ನ ಅಪ್ಪ ಇದ್ದಿಲ ಪುಡಿ, ಸಣ್ಣ ಬ್ರಷ್ಷು ಇಟ್ಟುಕೊಂಡು, ವಿಮಾನದ ಫೋಟೊ ನೋಡಿ ನೋಡಿ ಹೊಗೆಯ ಮಸಿ ಬಳಿಯುವುದನ್ನು ಕಲಿಯುತ್ತಿದ್ದಾರೆ, ನಮ್ಮ ಕಾರಿನ ಬಾನೆಟ್ಟಿನ ಮೇಲೆ.