ಪಾಲೋ ವೆರ್ದೆ ಮರಕ್ಕೆ ನೀರು ಬೇಡ

ಅಪ್ಪಾ,

ಸಂಜೆ ದೂಳುಗಾಳಿ, ಅದರ ಹಿಂದೆಯೇ ಮಳೆ ಅಂತೆ. ಕೆಲಸಕ್ಕೆ ಹೊರಟಿದ್ದೇನೆ, ಜೀವವೆಲ್ಲ ಇಲ್ಲೇ.

ಅಂಗಳದ ಪಾಲೋ ವೆರ್ದೆಗೆ ದಯವಿಟ್ಟು ನೀರು ಹಾಕಬೇಡ. ಅದು ಸೊನೋರಾ ಮರುಭೂಮಿಯ ಮರ; ನೀರು ಹುಡುಕುತ್ತ ಬೇರು ಆಳಕ್ಕಿಳಿಯಬೇಕು. ಅಮ್ಮ ನೆಟ್ಟದ್ದೆಂದು ನೀನು ದಿನಾ ಹೊಯ್ದು ಹೊಯ್ದು ಬೇರೆಲ್ಲ ಮೇಲೇ ಉಳಿದಿದೆ. "ನಿಮ್ಮಪ್ಪ ಮರಕ್ಕೆ ಬಾಣಂತನ ಮಾಡ್ತಾನೆ ಕಣೇ" ಅಂತ ಪಕ್ಕದ ಮನೆಯ ಯೂಲಾಲಿಯಾ ನಗುತ್ತಾಳೆ. ನನಗೆ ನಗು ಬರುವುದಿಲ್ಲ. ನಿನ್ನೆಯಿಂದ ಅದು ನಿನ್ನ ಕಿಟಕಿಯ ಕಡೆಗೇ ವಾಲಿದೆ.

ಗಾಳಿ ಏಳುವ ಮುಂಚೆಯೇ ನನ್ನ ಕೋಣೆಗೆ ಹೋಗಿ ಮಲಗು. ಊಟಕ್ಕೆ ಟೊರ್ಟಿಯಾ ರೊಟ್ಟಿ ಬಟ್ಟೆಯಲ್ಲಿ ಸುತ್ತಿಟ್ಟಿದ್ದೇನೆ.

ನೀರಿನ ಪೈಪು ಹುಡುಕಬೇಡ, ಕಾರಿನಲ್ಲಿ ಹಾಕಿಕೊಂಡಿದ್ದೇನೆ. ಬಕೆಟ್ಟನ್ನೂ. ಕಾಫಿ ಪಾತ್ರೆಯೊಂದನ್ನು ಬಿಟ್ಟಿದ್ದೇನೆ. ಅದು ನಿನಗೆ, ಮರಕ್ಕಲ್ಲ.

ಗ್ರಾಸಿಯೇಲಾ