ಹನ್ನೊಂದು ವರ್ಷಕ್ಕೆ ‘ಅನುಭವ ಇಲ್ಲ’ ಎಂದು ಬರೆದವರಿಗೆ

ಮಾನ್ಯ ಶಿಕ್ಷಣಾಧಿಕಾರಿಗಳೇ,

ವಾರದಿಂದ ನನಗೆ ಒಂದೇ ಕೆಟ್ಟ ಕನಸು. ಮಗಳು ತರಗತಿಯಲ್ಲಿ ಕುಳಿತು ಕಿವಿ ಬಡಿದುಕೊಳ್ಳುತ್ತಿದ್ದಾಳೆ. ಎದುರಿಗೆ ನಿಂತವರು ಎದೆತುಂಬ ಪ್ರಮಾಣಪತ್ರ ಅಂಟಿಸಿಕೊಂಡು ಅವಳಿಗೆ ಮಗ್ಗಿ ಕೇಳುತ್ತಿದ್ದಾರೆ. ಎದ್ದರೂ ಇದು ಮುಗಿಯುವುದಿಲ್ಲ. ಏಕೆಂದರೆ ತಮ್ಮ ಕಚೇರಿಯ ಗೋಡೆಗೆ ಪಟ್ಟಿ ಅಂಟಿಸಿದ್ದೀರಿ: ವಿಶೇಷ ಮಕ್ಕಳ ಶಾಲೆಯ ಶಿಕ್ಷಕಿ ಹುದ್ದೆಗೆ ನನ್ನ ಮಗಳ ಟೀಚರ್ ಅನರ್ಹರು. ಕಾರಣ, ‘ಬೋಧನಾ ಅನುಭವ ಇಲ್ಲ’.

ನಾನು ದರ್ಜಿ. ಓದು ಏಳನೆಯ ತರಗತಿಗೆ ನಿಂತಿತು, ಅದೂ ನಡುವೆ ಎರಡು ವರ್ಷ ಬಿಟ್ಟು. ಹಾಕಿದ ಬೀಗವನ್ನು ಮೂರು ಸಲ ಎಳೆದು ನೋಡುವ ಪುಕ್ಕಲ. ತಪ್ಪು ಬರೆದಿದ್ದರೆ ತಿದ್ದಿಕೊಳ್ಳಿ, ಆದರೆ ಓದಿ.

ಆ ಟೀಚರ್ ಎರಡು ವರ್ಷ ಇಂಥ ಮಕ್ಕಳಿಗೆ ಕಲಿಸುವುದನ್ನೇ ಓದಿ ಡಿಪ್ಲೊಮಾ ಪಡೆದವರು. ಹನ್ನೊಂದು ವರ್ಷದ ಹಿಂದೆ ಶಾಲೆಗೆ ಸೇರಿಸಿಕೊಳ್ಳುವಾಗ, ಪೂರ್ತಿ ಸಂಬಳ ಕೊಡಬೇಕಾಗುತ್ತದೆಂದು ತಾವು ಅವರನ್ನು ಕಾಗದದಲ್ಲಿ ‘ಆಯಾ’ ಮಾಡಿದಿರಿ. ಈಗ ಅದೇ ಕಾಗದ ಹಿಡಿದು, ಆಯಾಗೆ ಪಾಠದ ಅನುಭವ ಎಲ್ಲಿಂದ ಬರಬೇಕು ಎನ್ನುತ್ತೀರಿ. ಎಂಥ ಅಚ್ಚುಕಟ್ಟು! ನನ್ನ ಹೊಲಿಗೆ ಕೂಡ ಇಷ್ಟು ನೀಟಾಗಿ ಕೂರುವುದಿಲ್ಲ.

ಕಚೇರಿಗೆ ಬಂದು ಕೇಳಿದೆ. ತಮ್ಮ ಗುಮಾಸ್ತರು ತಲೆ ಎತ್ತಲಿಲ್ಲ.

“ರೀ, ಅವರು ಟೀಚರಲ್ಲ, ಆಯಾ.”

“ಹಾಗಾದ್ರೆ ಇಷ್ಟು ವರ್ಷ ಪಾಠ ಮಾಡಿದ್ದು ಯಾರು ಸಾರ್?”

“ಫೈಲಲ್ಲಿ ಯಾರೂ ಇಲ್ಲ.”

ಕಳೆದ ತಿಂಗಳು ಈ ಹುದ್ದೆಗಾಗಿ ತಮ್ಮದೇ ಕಚೇರಿ ಕರೆದ ದಾಖಲೆ ಪರಿಶೀಲನೆಗೆಂದು ಟೀಚರ್ ಮೂರು ದಿನ ರಜೆ ಹಾಕಿದರು. ಬದಲಿಗೆ ಬಂದವರು ದೊಡ್ಡ ಪದವೀಧರೆ, ಗಣಿತದವರು. ನನ್ನ ಮಗಳಿಗೆ ಒಂಬತ್ತು ವರ್ಷ, ಮಾತು ಬಾರದು. ಅವಳು ಕಿವಿ ಬಡಿದುಕೊಂಡಳು. ಪದವೀಧರೆ ಗಾಬರಿಯಾಗಿ ನನ್ನನ್ನು ಕರೆಸಿದರು: “ತನಗೆ ತಾನೇ ಹೊಡ್ಕೋತಾಳೆ. ಕೈಗೆ ಏನಾದ್ರೂ ದಪ್ಪಗೆ ಹೊಲಿದುಕೊಡಿ.” ನಾನು ಹೆದರುಪುಕ್ಕಲ, ಹೊಲಿದೆ. ಹತ್ತಿ ತುಂಬಿದ ಗವಸು, ಮಣಿಕಟ್ಟಿಗೆ ಲಾಡಿ. ಎಳೆದರೂ ಬಿಚ್ಚದ ಹಾಗೆ.

ಟೀಚರ್ ಬಂದವರೇ ಲಾಡಿ ಬಿಚ್ಚಿದರು. ಮಗಳು ಎಡಗಿವಿಯನ್ನು ಎರಡು ಸಲ ತಟ್ಟಿ, ಅವರ ಅಂಗೈ ಮುಟ್ಟಿದಳು.

“ಅಣ್ಣಾ, ಇವಳು ಹೊಡ್ಕೋತಿಲ್ಲ. ನೋವು ಅಂತಿದಾಳೆ. ಎರಡು ಸಲ ತಟ್ಟಿದ್ರೆ ನೋವು ಅಂತ ಹೇಳಿಕೊಡೋಕೆ ನಂಗೆ ಒಂದು ವರ್ಷ ಹಿಡೀತು.”

ವೈದ್ಯರು ನೋಡಿದಾಗ ಕಿವಿಯೊಳಗೆ ಕೀವು ತುಂಬಿತ್ತು. ಮೂರು ದಿನ ಅವಳು ಹೇಳುತ್ತಲೇ ಇದ್ದಳು. ನಾನು ಅವಳ ಬಾಯಿಗೆ ಹೊಲಿಗೆ ಹಾಕಿದ್ದೆ.

ಪದವೀಧರೆಯನ್ನು ದೂರುವುದಿಲ್ಲ. ಅವರಿಗೆ ಇದನ್ನು ಯಾರೂ ಕಲಿಸಿಲ್ಲ. ಕಲಿತವರನ್ನು ಮನೆಗೆ ಕಳಿಸಿ, ಕಲಿಯದವರನ್ನು ಕೂರಿಸುವ ತಮಗೆ ಯಾವ ಅರ್ಹತೆ ಇದೆ ಎಂದಷ್ಟೇ ಕೇಳುತ್ತೇನೆ. ಹುದ್ದೆಗೆ ಬೇರೆಯವರು ಬಂದು ತಿಂಗಳ ಕೊನೆಗೆ ಟೀಚರ್ ಹೋದರೆ, ಮುಂದಿನ ಸಲ ಅವಳು ತಟ್ಟಿದಾಗ ಯಾರಿಗೆ ತಿಳಿಯಬೇಕು?

ಅದಕ್ಕೆ ಮೊದಲು ಅವರನ್ನು ಶಿಕ್ಷಕಿ ಎಂದು ಬರೆಯಿರಿ, ಶಿಕ್ಷಕಿಯ ಸಂಬಳ ಕೊಡಿ. ದಯೆಯಲ್ಲ, ಬಾಕಿ ಇರುವ ಮರ್ಯಾದೆ.

ನಾನು ಎರಡು ಸಲ ಅಳೆಯದೆ ಬಟ್ಟೆಗೆ ಕತ್ತರಿ ಇಡುವುದಿಲ್ಲ. ತಾವೂ ಶಾಲೆಯ ಹಾಜರಿ ಪುಸ್ತಕ ತರಿಸಿ, ‘ತರಗತಿ ಶಿಕ್ಷಕಿ’ ಎಂಬ ಜಾಗದಲ್ಲಿ ಹನ್ನೊಂದು ವರ್ಷ ಯಾರ ಸಹಿ ಇದೆ, ವರ್ಷಕ್ಕೊಮ್ಮೆ ಅದರ ಕೆಳಗೆ ತಮ್ಮ ಕಚೇರಿಯ ಮೊಹರು ಇದೆಯೋ ಇಲ್ಲವೋ, ಅದೊಂದನ್ನು ಇನ್ನೊಮ್ಮೆ ನೋಡಿ.

ಇಂತಿ,
ಆ ಗವಸು ಹೊಲಿದ ಅಪ್ಪ